ಗೋಡೆಯ ಐದು ಸಾಲುಗಳೂ ಬೆಲ್ಟಿನ ಲೆಕ್ಕವೂ: ತುಮಕೂರಿನ ಒಂದು ಕರಾಟೆ ತರಗತಿಯ ವಿಮರ್ಶೆ

ಕರಾಟೆ ತರಗತಿಯನ್ನು ಆರಿಸುವಾಗ ತುಮಕೂರಿನ ಪೋಷಕರು ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಗೊತ್ತಿರುವಂಥವೇ: ಮನೆಗೆ ಎಷ್ಟು ಹತ್ತಿರ, ತಿಂಗಳ ಶುಲ್ಕ ಎಷ್ಟು, ಬ್ಲ್ಯಾಕ್ ಬೆಲ್ಟಿಗೆ ಎಷ್ಟು ವರ್ಷ ಬೇಕು, ಮಗುವಿಗೆ ಪೆಟ್ಟಾಗುತ್ತದೆಯೇ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ ಹೌದು. ಆದರೆ ಮಗಳನ್ನು ಒಂದು ತರಗತಿಯಿಂದ ಬಿಡಿಸಿ ಇನ್ನೊಂದಕ್ಕೆ ಸೇರಿಸಿದ ಮೇಲೆ ನನಗೆ ಅನ್ನಿಸಿರುವುದೇನೆಂದರೆ, ಇವಕ್ಕೆಲ್ಲ ಮೊದಲು ನೋಡಬೇಕಾದದ್ದು ಆ ತರಗತಿಯ ಗೋಡೆಯ ಮೇಲೆ ಬರೆದಿರುವ ನೀತಿಸೂತ್ರಗಳನ್ನು, ಮತ್ತು ಆ ಸೂತ್ರಗಳು ಅಲ್ಲಿನ ಶುಲ್ಕ, ಪರೀಕ್ಷೆ, ಶಿಕ್ಷೆ, ಸ್ಪರ್ಧೆಗಳಲ್ಲಿ ನಿಜಕ್ಕೂ ಜಾರಿಯಲ್ಲಿವೆಯೇ ಎಂಬುದನ್ನು. ಕರಾಟೆಯಷ್ಟು ನೀತಿಯ ಮಾತಾಡುವ ಕ್ರೀಡೆ ನಮ್ಮ ಮಕ್ಕಳ ಪಾಲಿಗೆ ಇನ್ನೊಂದಿಲ್ಲ. ಹಾಗಾಗಿ ಆ ಮಾತನ್ನೇ ಹಿಡಿದು ಅದನ್ನು ಕಲಿಸುವವರನ್ನು ಪರೀಕ್ಷಿಸುವುದು ಅನ್ಯಾಯವೇನೂ ಆಗಲಾರದು.

ನಾನು ಇಲ್ಲಿ ವಿಮರ್ಶಿಸುತ್ತಿರುವ ತರಗತಿ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ನಡೆಯುತ್ತದೆ. ಒಳ್ಳೆಯದರ ಜೊತೆಗೆ ಕೊರತೆಗಳನ್ನೂ ಬರೆಯಬೇಕಾಗಿರುವುದರಿಂದ ಹೆಸರನ್ನು ಬಿಟ್ಟಿದ್ದೇನೆ. ಶೋಟೊಕಾನ್ ಶೈಲಿಯ ಕರಾಟೆ. ಕಲಿಸುವವರು ಮಧ್ಯವಯಸ್ಸಿನ ಒಬ್ಬ ಮಾಸ್ಟರ್, ಅವರ ಜೊತೆಗೆ ಅವರಲ್ಲೇ ಕಲಿತು ಬ್ಲ್ಯಾಕ್ ಬೆಲ್ಟ್ ಪಡೆದ ಇಬ್ಬರು ಸಹಾಯಕರು. ಮಕ್ಕಳು ಮುಖ್ಯವಾಗಿ ನಗರದವರು; ಕ್ಯಾತ್ಸಂದ್ರದಿಂದ, ಗುಬ್ಬಿಯ ಕಡೆಯಿಂದ ಬಸ್ಸಿನಲ್ಲಿ ಬರುವವರೂ ಇದ್ದಾರೆ. ಟ್ಯೂಷನ್‌ಗಳ ಊರಾದ ತುಮಕೂರಿನಲ್ಲಿ ಸಂಜೆಯ ಒಂದೂವರೆ ಗಂಟೆಯನ್ನು ಪುಸ್ತಕವಿಲ್ಲದ ತರಗತಿಗೆ ಬಿಟ್ಟುಕೊಡುವುದೇ ಪೋಷಕರಿಗೆ ದೊಡ್ಡ ನಿರ್ಧಾರ. ಹತ್ತನೆಯ ತರಗತಿಗೆ ಬಂದೊಡನೆ ಅರ್ಧದಷ್ಟು ಮಕ್ಕಳು ಬಿಟ್ಟುಹೋಗುತ್ತಾರೆಂದು ಮಾಸ್ಟರ್ ಬೇಸರವಿಲ್ಲದೆ ಹೇಳುತ್ತಾರೆ.

ಒಳಗೆ ಹೋದೊಡನೆ ಕಾಣುವುದು ಎದುರು ಗೋಡೆಯ ಫಲಕ. ಅದರಲ್ಲಿ ಡೋಜೊ ಕುನ್, ಅಂದರೆ ಅಭ್ಯಾಸದ ಮನೆಯ ಐದು ನಿಯಮಗಳು, ಜಪಾನಿ ಭಾಷೆಯಲ್ಲಿಯೇ ಕನ್ನಡ ಲಿಪಿಯಲ್ಲಿವೆ. ಕೆಳಗೆ ಸಣ್ಣ ಅಕ್ಷರದಲ್ಲಿ ಕನ್ನಡ ಅರ್ಥವಿದೆ. ನಡತೆಯನ್ನು ಪರಿಪೂರ್ಣಗೊಳಿಸಲು ಪ್ರಯತ್ನಿಸು; ಸತ್ಯದ ದಾರಿಯನ್ನು ಕಾಪಾಡು; ಶ್ರಮಿಸುವ ಮನಸ್ಸನ್ನು ಬೆಳೆಸಿಕೊ; ಮರ್ಯಾದೆಯನ್ನು ಗೌರವದಿಂದ ಪಾಲಿಸು; ಬಿಸಿರಕ್ತದ ದುಡುಕಿನಿಂದ ದೂರವಿರು. ಶೋಟೊಕಾನ್ ಕಲಿಸುವ ಕಡೆಗಳಲ್ಲೆಲ್ಲ, ಅದರಲ್ಲೂ 1949ರಲ್ಲಿ ಸ್ಥಾಪನೆಯಾದ ಜಪಾನ್ ಕರಾಟೆ ಸಂಘದ ಪರಂಪರೆಯ ಶಾಲೆಗಳಲ್ಲಿ, ತರಗತಿಯ ಕೊನೆಗೆ ಎಲ್ಲರೂ ಮಂಡಿಯೂರಿ ಕುಳಿತು ಇವನ್ನು ಒಕ್ಕೊರಲಿನಿಂದ ಹೇಳುವುದು ವಾಡಿಕೆ. ಐದಕ್ಕೂ ಕ್ರಮಸಂಖ್ಯೆ ಒಂದೇ, ಪ್ರತಿ ಸಾಲೂ ‘ಒಂದು’ ಎಂದೇ ಆರಂಭವಾಗುತ್ತದೆ. ಯಾವುದೂ ಎರಡನೆಯದಲ್ಲ, ಐದನೆಯದೂ ಅಲ್ಲ. ಅನುಕೂಲಕ್ಕಾಗಿ ನಾನು ಕೆಳಗೆ ಒಂದರಿಂದ ಐದರವರೆಗೆ ಎಣಿಸುತ್ತೇನೆ.

ಈ ನಿಯಮಗಳಲ್ಲಿ ಶಾಲೆಯ ವಾಸನೆ ಇದೆ ಎಂದು ಕೆಲವರಿಗೆ ಅನ್ನಿಸಬಹುದು. ಅದಕ್ಕೆ ಕಾರಣವೂ ಇದೆ. ಒಕಿನಾವಾ ದ್ವೀಪದಲ್ಲಿ ಗುಟ್ಟಾಗಿ ಕಲಿಸುತ್ತಿದ್ದ ಈ ವಿದ್ಯೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಶಾಲೆಗಳ ವ್ಯಾಯಾಮದ ಪಾಠವಾಗಿ ಬದಲಾಯಿತು. ಆ ಕೆಲಸದಲ್ಲಿ ಮುಂದಿದ್ದ ಇತೊಸು ಆಂಕೊ ಅವರು 1908ರಲ್ಲಿ ಶಿಕ್ಷಣ ಅಧಿಕಾರಿಗಳಿಗೆ ಹತ್ತು ಅಂಶಗಳ ಪತ್ರವೊಂದನ್ನು ಬರೆದು, ಈ ವಿದ್ಯೆ ಬೌದ್ಧ ಧರ್ಮದಿಂದಲೋ ಕನ್‌ಫ್ಯೂಷಿಯಸ್ ಪಂಥದಿಂದಲೋ ಬಂದದ್ದಲ್ಲವೆಂದು ಸ್ಪಷ್ಟಪಡಿಸಿದರು. ದುಷ್ಟರು ಎದುರಾದಾಗ ಪೆಟ್ಟಿನಿಂದ ತಪ್ಪಿಸಿಕೊಳ್ಳಲು ಇದನ್ನು ಬಳಸಬೇಕೇ ಹೊರತು ಒಬ್ಬನೊಡನೆ ಕಾಲು ಕೆರೆದು ಜಗಳವಾಡಲು ಅಲ್ಲವೆಂಬ ಮಾತೂ ಆ ಪತ್ರದಲ್ಲಿದೆ. ಅವರ ಶಿಷ್ಯ ಫುನಾಕೋಶಿ ಗಿಚಿನ್ (1868–1957) ವೃತ್ತಿಯಿಂದ ಶಾಲಾ ಮೇಷ್ಟ್ರು. 1922ರಲ್ಲಿ ಟೋಕಿಯೋಗೆ ಹೋಗಿ ಕರಾಟೆಯ ಪ್ರದರ್ಶನ ನೀಡಿ ಅಲ್ಲಿಯೇ ನೆಲೆಸಿದ ಅವರು ಅಭ್ಯಾಸಿಗಳಿಗೆ ಇಪ್ಪತ್ತು ಸೂತ್ರಗಳನ್ನು ಬರೆದಿಟ್ಟರು. ಕರಾಟೆ ನಮಸ್ಕಾರದಿಂದ ಆರಂಭವಾಗಿ ನಮಸ್ಕಾರದಲ್ಲಿ ಮುಗಿಯುತ್ತದೆ ಎಂಬುದು ಮೊದಲನೆಯದು, ಕರಾಟೆಯಲ್ಲಿ ಮೊದಲ ಏಟು ಇಲ್ಲ ಎಂಬುದು ಎರಡನೆಯದು. ಈ ಎರಡನೆಯ ಸೂತ್ರವನ್ನು ಕಾಮಾಕುರಾದ ಎಂಗಾಕು-ಜಿ ದೇವಾಲಯದಲ್ಲಿರುವ ಅವರ ಸ್ಮಾರಕ ಶಿಲೆಯ ಮೇಲೂ ಕೆತ್ತಿದ್ದಾರೆ. ಹೀಗೆ ಇದು ಮಕ್ಕಳಿಗೆ ಪಾಠ ಹೇಳಿ ಅಭ್ಯಾಸವಿದ್ದವರು ಕಟ್ಟಿದ ನೀತಿ. ಅದನ್ನು ಯೋಧರ ನೀತಿಯೆಂದು ವೈಭವೀಕರಿಸುವ ಕರಪತ್ರಗಳನ್ನು ನೋಡಿದಾಗಲೆಲ್ಲ ಇದನ್ನು ನೆನಪಿಸಬೇಕೆನ್ನಿಸುತ್ತದೆ.

ಇನ್ನು ಬೆಲ್ಟಿನ ವಿಷಯ. ಕರಾಟೆ ತರಗತಿಯ ಪ್ರಾಮಾಣಿಕತೆ ಎಲ್ಲಕ್ಕಿಂತ ಹೆಚ್ಚಾಗಿ ಬಯಲಾಗುವುದು ಬೆಲ್ಟ್ ಪರೀಕ್ಷೆಯಲ್ಲಿ, ಏಕೆಂದರೆ ಹಣವೂ ಹೆಮ್ಮೆಯೂ ಒಟ್ಟಿಗೆ ಕೈ ಬದಲಾಗುವ ಜಾಗ ಅದೊಂದೇ. ಬೆಲ್ಟ್ ಪದ್ಧತಿ ಕರಾಟೆಯದ್ದೇ ಅಲ್ಲ. 1882ರಲ್ಲಿ ಕೊಡೊಕಾನ್ ಎಂಬ ಜೂಡೋ ಶಾಲೆಯನ್ನು ಸ್ಥಾಪಿಸಿದ ಕಾನೋ ಜಿಗೊರೊ ಅವರು ಶಿಷ್ಯರಿಗೆ ದರ್ಜೆಗಳನ್ನು ನೀಡುವ ಕ್ರಮವನ್ನು ತಂದರು. ಫುನಾಕೋಶಿ ಅವರು ಅದನ್ನು ಅನುಸರಿಸಿ 1924ರಲ್ಲಿ ಕರಾಟೆಯ ಮೊದಲ ಬ್ಲ್ಯಾಕ್ ಬೆಲ್ಟ್‌ಗಳನ್ನು ಕೊಟ್ಟರು. ಇಂದು ಬಿಳಿಯಿಂದ ಕಪ್ಪಿನ ನಡುವೆ ಹಳದಿ, ಕಿತ್ತಳೆ, ಹಸಿರು, ನೀಲಿ, ನೇರಳೆ, ಕಂದು ಎಂದು ಬಣ್ಣಗಳು ಸಾಲುಗಟ್ಟಿವೆ, ಮತ್ತು ಒಂದೊಂದು ಬಣ್ಣಕ್ಕೂ ಒಂದು ಪರೀಕ್ಷೆ, ಒಂದು ಶುಲ್ಕ, ಒಂದು ಪ್ರಮಾಣಪತ್ರ, ಒಂದು ಫೋಟೊ. ಕಲಿಯುವ ಮಗುವಿಗೆ ಹಂತ ಹಂತದ ಗುರಿ ಬೇಕೆಂಬುದು ನಿಜ. ಅದೇ ಹಂತಗಳು ಕಲಿಸುವವನ ಆದಾಯದ ಮೆಟ್ಟಿಲುಗಳೂ ಆಗುತ್ತವೆ ಎಂಬುದೂ ಅಷ್ಟೇ ನಿಜ.

ಮೊದಲು ನಾವು ಸೇರಿಸಿದ್ದ ಬೇರೊಂದು ತರಗತಿಯಲ್ಲಿ ಇದು ಮುಚ್ಚುಮರೆಯಿಲ್ಲದೆ ನಡೆಯುತ್ತಿತ್ತು. ಅಲ್ಲಿಯೂ ಇದೇ ಐದು ಸಾಲುಗಳ ಫಲಕವಿತ್ತು, ಚಿನ್ನದ ಬಣ್ಣದ ಅಕ್ಷರಗಳಲ್ಲಿ. ಪರೀಕ್ಷೆಗೆ ಕುಳಿತವರೆಲ್ಲ ಪಾಸಾಗುತ್ತಿದ್ದರು. ಹೆಚ್ಚುವರಿ ಹಣ ಕಟ್ಟಿದರೆ ಒಂದೇ ದಿನ ಎರಡು ಬೆಲ್ಟ್ ದಾಟಿಸುವ ‘ಡಬಲ್ ಪ್ರಮೋಷನ್’ ಕೂಡ ಇತ್ತು. ಪರೀಕ್ಷೆಗೆ ಬಾರದ ಮಗುವಿಗೂ ಪ್ರಮಾಣಪತ್ರ ಬರೆದು ಕಳಿಸಿದ್ದನ್ನು ಪೋಷಕರೊಬ್ಬರು ನನಗೆ ತೋರಿಸಿದರು. ಎರಡನೆಯ ನಿಯಮ ಸತ್ಯದ ದಾರಿಯನ್ನು ಕಾಪಾಡು ಎನ್ನುತ್ತದೆ. ಆ ನಿಯಮದ ಫಲಕದ ಕೆಳಗೇ ಸುಳ್ಳು ಪ್ರಮಾಣಪತ್ರ ಕೈಗೆ ಬಂದಾಗ ಮಗು ಕಲಿಯುವುದು ಕರಾಟೆಯನ್ನಂತೂ ಅಲ್ಲ.

ಈಗಿನ ತರಗತಿಯಲ್ಲಿ ಪರೀಕ್ಷೆ ಮೂರ್ನಾಲ್ಕು ತಿಂಗಳಿಗೊಮ್ಮೆ ನಡೆಯುತ್ತದಾದರೂ ಎಲ್ಲರಿಗೂ ಕುಳಿತುಕೊಳ್ಳುವ ಅವಕಾಶವಿಲ್ಲ. ಹಾಜರಾತಿ ಮತ್ತು ಅಭ್ಯಾಸ ನೋಡಿ ಮಾಸ್ಟರ್ ಹೆಸರು ಬರೆಯುತ್ತಾರೆ. ಪರೀಕ್ಷೆಯಲ್ಲಿ ಮೂರು ಭಾಗ: ಮೂಲ ಹೊಡೆತ-ತಡೆಗಳ ಕಿಹೊನ್, ನಿಗದಿತ ಚಲನೆಗಳ ಸರಣಿಯಾದ ಕಟಾ, ಜೋಡಿ ಅಭ್ಯಾಸವಾದ ಕುಮಿಟೆ. ಇದು ಎಲ್ಲ ಕಡೆ ಇರುವಂಥದ್ದೇ. ಇಲ್ಲಿನ ವಿಶೇಷವೆಂದರೆ ಫೇಲಾದ ಮಗುವಿನಿಂದ ಮರುಪರೀಕ್ಷೆಗೆ ಶುಲ್ಕ ತೆಗೆದುಕೊಳ್ಳುವುದಿಲ್ಲ. ಇದೊಂದು ಸಣ್ಣ ನಿಯಮದಂತೆ ಕಂಡರೂ ಇಡೀ ವ್ಯವಸ್ಥೆಯ ಕೀಲು ಇಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. ಮರುಪರೀಕ್ಷೆಗೆ ಹಣ ತೆಗೆದುಕೊಂಡರೆ ಫೇಲು ಮಾಡುವುದರಲ್ಲಿ ಲಾಭ. ಫೇಲೇ ಮಾಡದಿದ್ದರೆ ಗಿರಾಕಿಯನ್ನು ಉಳಿಸಿಕೊಳ್ಳುವ ಲಾಭ. ಎರಡೂ ಲಾಭಗಳನ್ನು ಬಿಟ್ಟ ಮೇಲೆ ಮಾತ್ರ ಮಗುವಿನ ಕಾಲಿನ ನಿಲುವು ಸರಿಯಿದೆಯೇ ಇಲ್ಲವೇ ಎಂಬುದರ ಮೇಲೆ ತೀರ್ಪು ಬರಲು ಸಾಧ್ಯ. ಕಳೆದ ಬಾರಿ ನನ್ನ ಮಗಳೇ ಫೇಲಾದಳು. ಕಟಾದ ಒಂದು ತಿರುವಿನಲ್ಲಿ ಹಿಂದಿನ ಕಾಲಿನ ಹಿಮ್ಮಡಿ ಮೇಲೇಳುತ್ತದೆ ಎಂಬ ಕಾರಣವನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಮನೆಯಲ್ಲಿ ಅತ್ತಳು, ಹಿಮ್ಮಡಿಯನ್ನು ನೆಲಕ್ಕೆ ಒತ್ತುವುದನ್ನು ಅಭ್ಯಾಸ ಮಾಡಿದಳು, ಮುಂದಿನ ಸಲ ಪಾಸಾದಳು. ಮೂರನೆಯ ನಿಯಮವಾದ ಶ್ರಮದ ಬಗ್ಗೆ ಇದಕ್ಕಿಂತ ಹೆಚ್ಚಿನ ಉಪನ್ಯಾಸ ಬೇಕಾಗಲಿಲ್ಲ.

ಕಂದು ಬೆಲ್ಟ್ ಒಂದರಲ್ಲಿಯೇ ಮೂರು ಹಂತಗಳಿವೆ. ಇಲ್ಲಿ ಅದನ್ನು ಅವಸರದಲ್ಲಿ ದಾಟಿಸುವುದಿಲ್ಲ. ಬ್ಲ್ಯಾಕ್ ಬೆಲ್ಟಿಗೆ ಎಷ್ಟು ವರ್ಷವೆಂದು ಕೇಳಿದ ಪೋಷಕರಿಗೆ ಮಾಸ್ಟರ್ ಕೊಡುವ ಉತ್ತರ, “ಬರೋ ಮಕ್ಕಳ ಮೇಲೆ ಹೋಗುತ್ತೆ ಸಾರ್, ವರ್ಷದ ಮೇಲಲ್ಲ.” ಮಾರಾಟದ ದೃಷ್ಟಿಯಿಂದ ಇದು ಕೆಟ್ಟ ಉತ್ತರ. ಕೆಲವರು ಅದನ್ನು ಕೇಳಿಯೇ ಹಿಂದಿರುಗಿದ್ದನ್ನೂ ನೋಡಿದ್ದೇನೆ.

ಐದನೆಯ ನಿಯಮದ ಪರೀಕ್ಷೆ ನಡೆಯುವುದು ಕುಮಿಟೆಯಲ್ಲಿ. ಹೊಡೆತವನ್ನು ಪೂರ್ಣ ವೇಗದಲ್ಲಿ ಬಿಟ್ಟು ಎದುರಾಳಿಗೆ ತಾಗುವ ಮುನ್ನ ನಿಲ್ಲಿಸುವುದು ಶೋಟೊಕಾನ್ ಅಭ್ಯಾಸದ ಜೀವಾಳ. ಇದಕ್ಕೆ ಹೊಡೆಯುವುದಕ್ಕಿಂತ ಹೆಚ್ಚಿನ ಹಿಡಿತ ಬೇಕು. ಮಾಸ್ಟರ್ ದೊಡ್ಡ ಮಕ್ಕಳಿಗೆ ಒಮ್ಮೆ ಮೊಬೈಲಿನಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಒಂದು ಪಂದ್ಯ ತೋರಿಸಿದರು. ಕರಾಟೆ ಒಲಿಂಪಿಕ್ಸ್‌ಗೆ ಮೊದಲ ಬಾರಿ ಬಂದದ್ದು ಅಲ್ಲಿ, 2021ರ ಆಗಸ್ಟ್‌ನಲ್ಲಿ. ಪ್ಯಾರಿಸ್ 2024ರ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. 75 ಕೆ.ಜಿ.ಗಿಂತ ಹೆಚ್ಚಿನ ತೂಕದ ಪುರುಷರ ಫೈನಲ್‌ನಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೆದಿ 4–1ರಿಂದ ಮುಂದಿದ್ದರು. ಅವರ ಒದೆತ ಇರಾನಿನ ಸಜ್ಜಾದ್ ಗಂಜ್‌ಜಾದೆ ಅವರಿಗೆ ಹಿಡಿತ ಮೀರಿ ಬಿದ್ದು ಅವರು ಪ್ರಜ್ಞೆ ತಪ್ಪಿದರು. ತೀರ್ಪುಗಾರರು ಹಮೆದಿ ಅವರನ್ನು ಅನರ್ಹಗೊಳಿಸಿದರು. ಚಿನ್ನ ನೆಲದ ಮೇಲೆ ಬಿದ್ದವರಿಗೆ ಹೋಯಿತು, ಹಮೆದಿ ಬೆಳ್ಳಿಗೆ ತೃಪ್ತಿಪಡಬೇಕಾಯಿತು. ಇದು ನ್ಯಾಯವೇ ಎಂದು ಮಕ್ಕಳನ್ನು ಕೇಳಿದಾಗ ಹುಡುಗರಲ್ಲಿ ಹಲವರು ಅನ್ಯಾಯವೆಂದರು, ಹುಡುಗಿಯರಲ್ಲಿ ಹೆಚ್ಚಿನವರು ನ್ಯಾಯವೆಂದರು. ಮಾಸ್ಟರ್ ತಮ್ಮ ತೀರ್ಪನ್ನು ಹೇಳದೆ ಎಲ್ಲರನ್ನೂ ಜೋಡಿಗಳಾಗಿ ನಿಲ್ಲಿಸಿ, ಮುಷ್ಟಿಯನ್ನು ಎದುರಿನವರ ಮೂಗಿನಿಂದ ಎರಡು ಬೆರಳು ದೂರದಲ್ಲಿ ನಿಲ್ಲಿಸುವ ಅಭ್ಯಾಸವನ್ನು ಆ ದಿನವಿಡೀ ಮಾಡಿಸಿದರು. ನೀತಿಯನ್ನು ಕಲಿಸುವ ಈ ಬಗೆ ನನಗೆ ಬಹಳ ಹಿಡಿಸಿತು.

ಹಿಡಿಸದ ಸಂಗತಿಯೂ ಇದೇ ನಿಯಮಕ್ಕೆ ಸಂಬಂಧಿಸಿದ್ದು. ಕಂದು ಬೆಲ್ಟಿನ ಹುಡುಗನೊಬ್ಬ ಟ್ಯೂಷನ್ ಬಿಟ್ಟ ಮೇಲೆ ಸಹಪಾಠಿಯೊಡನೆ ಮಾತಿಗೆ ಮಾತು ಬೆಳೆದು ಅವನನ್ನು ಒದ್ದಿದ್ದ. ಸುದ್ದಿ ಬಂದ ಮರುದಿನ ಮಾಸ್ಟರ್ ಅವನನ್ನು ಸಾಲಿನ ಮುಂದೆ ಕರೆದು, ಎಲ್ಲರೆದುರು ಬೆಲ್ಟ್ ಬಿಚ್ಚಿಸಿ, ಬಿಳಿ ಬೆಲ್ಟ್ ಕಟ್ಟಿಸಿ, ಕೊನೆಯ ಸಾಲಿನ ಚಿಕ್ಕ ಮಕ್ಕಳ ಪಕ್ಕದಲ್ಲಿ ನಿಲ್ಲಿಸಿದರು. ಆ ಮೇಲೆ ಅವನನ್ನು ಕರೆದುಕೊಂಡು ಪೆಟ್ಟು ತಿಂದ ಹುಡುಗನ ಮನೆಗೂ ಹೋಗಿ ಕ್ಷಮೆ ಕೇಳಿಸಿದರು. ಎರಡನೆಯ ಕೆಲಸವನ್ನು ನಾನು ಪೂರ್ತಿ ಒಪ್ಪುತ್ತೇನೆ. ತರಗತಿಯ ಹೊರಗೆ ನಡೆದದ್ದಕ್ಕೂ ತಾವು ಹೊಣೆಯೆಂದು ಭಾವಿಸುವ ಗುರುಗಳು ಈಗ ಅಪರೂಪ. ಮೊದಲನೆಯದರ ಬಗ್ಗೆ ನನಗೆ ತಕರಾರಿದೆ. ಶಿಕ್ಷೆ ಇರಲಿ, ಕೆಲವು ತಿಂಗಳು ಬೆಲ್ಟ್ ಹಿಂದಕ್ಕೆ ಪಡೆಯಲಿ. ಆದರೆ ಹದಿನಾಲ್ಕರ ಹುಡುಗನಿಗೆ ಅರವತ್ತು ಕಣ್ಣುಗಳೆದುರು ಅವಮಾನ ಮಾಡುವುದು ನಾಲ್ಕನೆಯ ನಿಯಮಕ್ಕೆ ಹೊಂದುವುದಿಲ್ಲ. ಮರ್ಯಾದೆ ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯಬೇಕೆಂದು ಆ ಫಲಕದಲ್ಲಿ ಎಲ್ಲಿಯೂ ಬರೆದಿಲ್ಲ. ಇದನ್ನು ಮಾಸ್ಟರಿಗೆ ನೇರವಾಗಿ ಹೇಳಿದೆ. ಅವರು ವಾದಿಸಲಿಲ್ಲ, ಒಪ್ಪಲೂ ಇಲ್ಲ. ತಮ್ಮ ಗುರುಗಳು ತಮಗೆ ಹಾಗೆಯೇ ಮಾಡಿದ್ದರೆಂದರು. ಹುಡುಗ ಬಿಟ್ಟುಹೋಗದೆ ಮುಂದುವರಿದಿದ್ದಾನೆ, ಬೆಲ್ಟೂ ಹಿಂದಿರುಗಿದೆ ಎಂಬುದನ್ನು ನ್ಯಾಯಕ್ಕಾಗಿ ಇಲ್ಲಿ ಸೇರಿಸಬೇಕು.

ಮರ್ಯಾದೆಯ ವಿಷಯಕ್ಕೆ ಬಂದದ್ದರಿಂದ ನಮಸ್ಕಾರದ ಬಗ್ಗೆ ಒಂದೆರಡು ಮಾತು. ತರಗತಿಯ ಆರಂಭದಲ್ಲಿಯೂ ಕೊನೆಯಲ್ಲಿಯೂ ಮೂರು ವಂದನೆಗಳಿವೆ: ಎದುರಿನ ಗೋಡೆಗೆ, ಗುರುಗಳಿಗೆ, ಪರಸ್ಪರರಿಗೆ. ಕೆಲವು ಪೋಷಕರಿಗೆ ಇದು ಪರದೇಶದ ಪೂಜೆಯಂತೆ ಕಂಡು ಮುಜುಗರವಾಗುವುದುಂಟು. ನಮ್ಮ ಊರುಗಳ ಗರಡಿ ಮನೆಯನ್ನು ಕಂಡವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಅಲ್ಲಿಯೂ ಚಪ್ಪಲಿ ಹೊರಗೆ ಬಿಟ್ಟು, ಆಂಜನೇಯನಿಗೆ ಕೈ ಮುಗಿದು, ಕೆಮ್ಮಣ್ಣನ್ನು ಹಣೆಗೆ ಮುಟ್ಟಿಸಿ, ಉಸ್ತಾದರಿಗೆ ನಮಸ್ಕರಿಸಿದ ಮೇಲೆಯೇ ಸಾಮು ಆರಂಭ. ಜಟ್ಟಿಗಳು ಕುಸ್ತಿಗೆ ಮುನ್ನ ಕೈ ಕೂಡಿಸುತ್ತಾರೆ, ಮುಗಿದ ಮೇಲೆಯೂ. ಈ ತರಗತಿಯ ಗೋಡೆಯಲ್ಲಿ ಯಾವ ದೇವರ ಚಿತ್ರವೂ ಇಲ್ಲ, ಫುನಾಕೋಶಿ ಅವರ ಒಂದು ಭಾವಚಿತ್ರವಿದೆ. ಬೇರೆ ಬೇರೆ ಧರ್ಮಗಳ ಮನೆಗಳಿಂದ ಬರುವ ಮಕ್ಕಳಲ್ಲಿ ಯಾರಾದರೂ ಗೋಡೆಗೆ ಬಾಗಲು ಇಷ್ಟಪಡದಿದ್ದರೆ ಸುಮ್ಮನೆ ನೆಟ್ಟಗೆ ನಿಲ್ಲಬಹುದೆಂದು ಮಾಸ್ಟರ್ ಮೊದಲ ದಿನವೇ ಹೇಳುತ್ತಾರೆ. ಜೊತೆಗಾರರಿಗೆ ಬಾಗುವ ವಂದನೆಯಲ್ಲಿ ಮಾತ್ರ ಯಾರಿಗೂ ವಿನಾಯಿತಿಯಿಲ್ಲ. ಆ ಆಯ್ಕೆ ಸರಿಯಾದದ್ದೆಂದು ನನಗೆ ತೋರುತ್ತದೆ.

ಹೆಣ್ಣುಮಕ್ಕಳ ಪೋಷಕರಿಗೆ ಒಂದು ನಿಜವಾದ ಸಂದೇಹವಿರುತ್ತದೆ, ನನಗೂ ಇತ್ತು: ಮೊದಲ ಏಟು ಇಲ್ಲವೆಂದು ಕಲಿತ ಹುಡುಗಿ ಅಪಾಯದಲ್ಲಿ ಏಟು ಬೀಳುವವರೆಗೂ ಕಾಯುತ್ತಾಳೆಯೇ? ಶೋಟೊಕಾನ್‌ನಲ್ಲಿ ಆರಂಭದ ಹಂತದಲ್ಲಿ ಕಲಿಸುವ ಐದು ಹೇಯಾನ್ ಕಟಾಗಳೂ ತಡೆಯುವ ಚಲನೆಯಿಂದಲೇ ಆರಂಭವಾಗುತ್ತವೆ ಎಂಬುದನ್ನು ಮಗುವಿಗೆ ಹೆಮ್ಮೆಯಿಂದ ಹೇಳಿಕೊಡುವಾಗ ಈ ಸಂದೇಹ ಇನ್ನೂ ಬಲಿಯುತ್ತದೆ. ಇಲ್ಲಿ ತಿಂಗಳಿಗೊಂದು ಶನಿವಾರ ಇದಕ್ಕಾಗಿಯೇ ಮೀಸಲು. ಯಾರಾದರೂ ದಾರಿ ಅಡ್ಡಗಟ್ಟಿದರೆ, ಕೈ ಹಿಡಿದೆಳೆದರೆ, ಹಿಂಬಾಲಿಸಿದರೆ ಅದನ್ನೇ ಮೊದಲ ಏಟೆಂದು ಭಾವಿಸಬೇಕೆಂದು ಮಾಸ್ಟರ್ ಬಿಡಿಸಿ ಹೇಳುತ್ತಾರೆ; ಮೊದಲು ಗಟ್ಟಿಯಾಗಿ ಕೂಗುವುದು, ಹಿಡಿತ ಬಿಡಿಸಿಕೊಂಡು ಜನರಿರುವ ಕಡೆಗೆ ಓಡುವುದು, 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು, ಮನೆಯಲ್ಲಿ ಹೇಳಲು ಹೆದರದಿರುವುದು, ಇವನ್ನೆಲ್ಲ ಕಟಾದಷ್ಟೇ ಶ್ರದ್ಧೆಯಿಂದ ಮಾಡಿಸುತ್ತಾರೆ. ಓಡುವುದನ್ನು ಹೇಡಿತನವೆಂದು ನಕ್ಕ ಹುಡುಗರಿಗೆ ಓಟದ ಅಭ್ಯಾಸವನ್ನು ಹೆಚ್ಚುವರಿಯಾಗಿ ಕೊಟ್ಟದ್ದೂ ಇದೆ. ಬಾಗಿಲು ಯಾವಾಗಲೂ ತೆರೆದಿರುತ್ತದೆ, ಪೋಷಕರು ಯಾವ ಹೊತ್ತಿನಲ್ಲಾದರೂ ಬಂದು ಕುಳಿತುಕೊಳ್ಳಬಹುದು. ಸಹಾಯಕರಲ್ಲಿ ಒಬ್ಬರು ಯುವತಿ. ಹುಡುಗಿಯರ ನಿಲುವನ್ನು ಮುಟ್ಟಿ ತಿದ್ದುವ ಕೆಲಸ ಅವರದ್ದೇ. ಅವರು ಕಾಲೇಜು ಪರೀಕ್ಷೆಯ ಕಾರಣಕ್ಕೆ ಬಾರದ ವಾರಗಳಲ್ಲಿ ಬದಲಿ ವ್ಯವಸ್ಥೆಯಿಲ್ಲ. ಇದು ಗಂಭೀರ ಕೊರತೆ, ಆದಷ್ಟು ಬೇಗ ಸರಿಪಡಿಸಬೇಕು.

ಶುಲ್ಕ ತಿಂಗಳಿಗೆ 700 ರೂಪಾಯಿ, ಪ್ರವೇಶಕ್ಕೆ ಒಮ್ಮೆ 500. ಡ್ರೆಸ್ ಅನ್ನು ಎಲ್ಲಿಂದಾದರೂ ತರಬಹುದು. ಬೆಲ್ಟ್ ಪರೀಕ್ಷೆಯ ಶುಲ್ಕ ಎಷ್ಟು, ಅದರಲ್ಲಿ ಬೆಲ್ಟಿಗೆ, ಪ್ರಮಾಣಪತ್ರಕ್ಕೆ, ಪರೀಕ್ಷಕರಿಗೆ ಹೋಗುವುದೆಷ್ಟು ಎಂಬುದನ್ನು ಸೂಚನಾ ಫಲಕದಲ್ಲಿ ಅಂಟಿಸಿರುತ್ತಾರೆ, ಹಣಕ್ಕೆ ರಸೀದಿಯಿದೆ. ಹಾಸ್ಟೆಲ್‌ನಲ್ಲಿದ್ದು ಓದುವ ಮಕ್ಕಳಿಗೆ ಅರ್ಧ ಶುಲ್ಕ. ಯಾರು ಅರ್ಧ ಕೊಡುತ್ತಾರೆ, ಯಾರು ಪೂರ್ತಿ ಕೊಡುತ್ತಾರೆ ಎಂಬುದು ಸಾಲಿನಲ್ಲಿ ನಿಂತ ಮಕ್ಕಳಿಗೆ ತಿಳಿಯುವುದಿಲ್ಲ. ಪ್ರಮಾಣಪತ್ರದ ಬಗ್ಗೆ ಮಾತ್ರ ಪೋಷಕರು ಎಚ್ಚರದಿಂದಿರಬೇಕು: ನಮ್ಮಲ್ಲಿ ಕರಾಟೆಗೆ ಒಕ್ಕೂಟಗಳು ಹಲವು, ಒಂದರ ಬೆಲ್ಟ್ ಇನ್ನೊಂದಕ್ಕೆ ಸಲ್ಲುವುದೆಂಬ ಭರವಸೆಯಿಲ್ಲ. ಯಾವ ಒಕ್ಕೂಟದ ಪ್ರಮಾಣಪತ್ರ, ಅದು ಶಾಲಾ ಕ್ರೀಡಾಕೂಟಗಳಲ್ಲಿ ನಡೆಯುತ್ತದೆಯೇ ಎಂದು ಕೇಳಿದಾಗ ಇಲ್ಲಿ ನೇರ ಉತ್ತರ ಸಿಕ್ಕಿತು, ನಡೆಯದ ಕಡೆಗಳನ್ನೂ ಸೇರಿಸಿ.

ಸ್ಪರ್ಧೆಗಳ ವಿಷಯದಲ್ಲಿ ತರಗತಿಯ ನಿಲುವು ಸ್ವಲ್ಪ ಗೊಂದಲದ್ದು. ಫುನಾಕೋಶಿ ಅವರಿಗೆ ಸ್ಪರ್ಧೆಯ ಬಗ್ಗೆ ಒಲವಿರಲಿಲ್ಲ. ಜಪಾನ್ ಕರಾಟೆ ಸಂಘದ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು ಅವರು ತೀರಿಕೊಂಡ 1957ರಲ್ಲಿಯೇ. ಈ ಕಥೆಯನ್ನು ಮಕ್ಕಳಿಗೆ ಹೇಳುವ ಮಾಸ್ಟರ್ ತಾವೇ ವರ್ಷದಲ್ಲಿ ಹಲವು ಬಾರಿ ಮಕ್ಕಳನ್ನು ಬೆಂಗಳೂರಿನ ಟೂರ್ನಮೆಂಟ್‌ಗಳಿಗೆ ಕರೆದೊಯ್ಯುತ್ತಾರೆ. ಹೋಗುವುದು ಕಡ್ಡಾಯವಲ್ಲ ಎನ್ನುತ್ತಾರಾದರೂ, ಪದಕ ತಂದವರ ಫೋಟೊಗಳೇ ಮೆಟ್ಟಿಲಿನ ಗೋಡೆಯನ್ನು ತುಂಬಿರುವಾಗ ಹೋಗದ ಮಗು ಹಿಂದೆ ಬಿದ್ದೆನೆಂದುಕೊಳ್ಳದಿರುವುದು ಹೇಗೆ? ಒಂದು ಟೂರ್ನಮೆಂಟಿಗೆ ಪ್ರವೇಶ ಶುಲ್ಕ, ಎಪ್ಪತ್ತು ಕಿಲೋಮೀಟರ್ ಪ್ರಯಾಣ, ಊಟ, ಇಡೀ ಭಾನುವಾರ ಕಾಯುವಿಕೆ ಸೇರಿದರೆ ಸಾಮಾನ್ಯ ಸಂಬಳದ ಮನೆಗೆ ಅದು ಹೊರೆಯೇ. ಇನ್ನೊಂದು ಕಡೆ, ಸೋತ ನನ್ನ ಮಗಳು ಗೆದ್ದ ಹುಡುಗಿಗೆ ತಾನಾಗಿಯೇ ಬಾಗಿ ಕೈ ಕುಲುಕಿದ್ದನ್ನು ಕಂಡಿದ್ದೇನೆ, ಪಕ್ಕದ ಕಣದಲ್ಲಿ ಬೇರೆ ತಂಡದ ತಂದೆಯೊಬ್ಬರು ತೀರ್ಪುಗಾರರ ಮೇಲೆ ಏರಿಹೋಗುತ್ತಿದ್ದುದನ್ನೂ ಅದೇ ಹೊತ್ತಿನಲ್ಲಿ ಕಂಡಿದ್ದೇನೆ. ಐದನೆಯ ನಿಯಮವನ್ನು ಪೋಷಕರ ಗ್ಯಾಲರಿಯಲ್ಲಿಯೂ ಬರೆಸುವುದು ಒಳ್ಳೆಯದು.

ಇನ್ನೆರಡು ದೂರುಗಳಿವೆ. ತರಗತಿಯ ಕೊನೆಗೆ ಮಕ್ಕಳು ಐದು ನಿಯಮಗಳನ್ನು ಜಪಾನಿ ಭಾಷೆಯಲ್ಲಿ ಮಾತ್ರ ಕೂಗುತ್ತಾರೆ, ಶಾಲೆಯ ಪ್ರತಿಜ್ಞೆಯನ್ನು ಒಪ್ಪಿಸುವ ಧಾಟಿಯಲ್ಲಿ. ಚಿಕ್ಕ ಮಕ್ಕಳಲ್ಲಿ ಬಹುಪಾಲಿಗೆ ಅರ್ಥ ಗೊತ್ತಿಲ್ಲ, ಕೇಳಿ ನೋಡಿದ್ದೇನೆ. ಕನ್ನಡದ ಸಾಲುಗಳು ಫಲಕದಲ್ಲಿ ಇದ್ದೇ ಇರುವಾಗ ಜಪಾನಿಯ ನಂತರ ಅವನ್ನೂ ಹೇಳಿಸಿದರೆ ಒಂದು ನಿಮಿಷ ಹೆಚ್ಚು ಹಿಡಿಯಬಹುದು, ಅಷ್ಟೇ. ಎರಡನೆಯ ದೂರು ಏಪ್ರಿಲ್‌ನ ಬೇಸಿಗೆ ಶಿಬಿರದ ಕರಪತ್ರದ ಬಗ್ಗೆ. “ಒಂದೇ ತಿಂಗಳಲ್ಲಿ ಆತ್ಮರಕ್ಷಣೆ ಕಲಿಯಿರಿ” ಎಂದು ಅದರಲ್ಲಿ ದಪ್ಪಕ್ಷರದಲ್ಲಿದೆ. ಒಂದು ತಿಂಗಳಲ್ಲಿ ಕಲಿಯಬಹುದಾದದ್ದು ಮುಷ್ಟಿ ಕಟ್ಟುವುದನ್ನು, ಸರಿಯಾಗಿ ನಿಲ್ಲುವುದನ್ನು, ಗಟ್ಟಿಯಾಗಿ ಕೂಗುವುದನ್ನು. ಬ್ಲ್ಯಾಕ್ ಬೆಲ್ಟಿಗೆ ವರ್ಷ ಹೇಳಲು ಒಪ್ಪದ ಮನುಷ್ಯ ಈ ಸಾಲನ್ನು ಹೇಗೆ ಮುದ್ರಿಸಲು ಬಿಟ್ಟರೆಂದು ಕೇಳಿದೆ. ಮುದ್ರಣದ ಅಂಗಡಿಯವರು ಹಾಕಿದ್ದು ಎಂದರು. ಹಾಗಾದರೆ ಮುಂದಿನ ವರ್ಷದ ಕರಪತ್ರದಲ್ಲಿ ಅದು ಇರಬಾರದು.

ನಗರದಲ್ಲಿ ಟೇಕ್ವಾಂಡೊ ಕಲಿಸುವ ತರಗತಿಗಳೂ ಇವೆ; ಅಲ್ಲಿಗೆ ಹೋಗುವ ಮಕ್ಕಳೂ ವಿನಯ, ಪ್ರಾಮಾಣಿಕತೆ, ಸಹನೆ, ಆತ್ಮಸಂಯಮ, ಸೋಲೊಪ್ಪದ ಮನೋಬಲ ಎಂಬ ಐದು ತತ್ತ್ವಗಳನ್ನು ಒಪ್ಪಿಸುತ್ತಾರೆ. ಜೂಡೋದವರಿಗೆ ಕಾನೋ ಅವರು ಕೊಟ್ಟ ಎರಡೇ ಸೂತ್ರಗಳಿವೆ, ಶಕ್ತಿಯ ಸದ್ಬಳಕೆ ಮತ್ತು ತಾನೂ ಪರರೂ ಒಟ್ಟಿಗೆ ಏಳಿಗೆಯಾಗುವುದು. ಫಲಕದ ಮಾತು ಎಲ್ಲ ಕಡೆಯೂ ಹೆಚ್ಚೂ ಕಡಿಮೆ ಒಂದೇ ಆದ್ದರಿಂದ ಶೈಲಿಯ ಹೆಸರನ್ನು ನೋಡಿ ತರಗತಿಯನ್ನು ಆರಿಸುವುದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಫೇಲಾದವರಿಗೆ ಏನು ಮಾಡುತ್ತೀರಿ, ಮಗು ಹೊರಗೆ ಜಗಳವಾಡಿದರೆ ಏನು ಮಾಡುತ್ತೀರಿ, ನಾನು ಯಾವಾಗ ಬೇಕಾದರೂ ಬಂದು ನೋಡಬಹುದೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಬೇಕಾದದ್ದು ತಿಳಿಯುತ್ತದೆ.

ಈ ತರಗತಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಎಲ್ಲರೆದುರಿನ ಶಿಕ್ಷೆಗೆ, ಮಹಿಳಾ ಸಹಾಯಕರ ಕೊರತೆಗೆ ಮತ್ತು ಆ ಕರಪತ್ರಕ್ಕೆ. ಏಳು ವರ್ಷ ತುಂಬಿದ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಅದಕ್ಕಿಂತ ಚಿಕ್ಕವರನ್ನು ಒತ್ತಾಯಿಸಿದರೂ ಒಪ್ಪುವುದಿಲ್ಲ. ಸಂಜೆ ನಾಲ್ಕೂವರೆಯ ಬ್ಯಾಚ್ ಸದ್ಯಕ್ಕೆ ತುಂಬಿದೆ, ಆರು ಗಂಟೆಯದರಲ್ಲಿ ಜಾಗವಿದೆ, ಭಾನುವಾರ ರಜೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ತಿಂಗಳುಗಳಲ್ಲಿ ಬಾರದಿದ್ದವರಿಂದ ಆ ತಿಂಗಳ ಶುಲ್ಕ ತೆಗೆದುಕೊಳ್ಳುವುದಿಲ್ಲ. ಲಿಫ್ಟ್ ಇಲ್ಲ, ಕಾರು ನಿಲ್ಲಿಸಲು ಜಾಗ ಕಷ್ಟ, ಸ್ಕೂಟರಿಗೆ ತೊಂದರೆಯಿಲ್ಲ. ಕುಡಿಯುವ ನೀರನ್ನು ಮಕ್ಕಳೇ ತರಬೇಕು. ಸೇರಿಸುವ ಮುನ್ನ ಪೋಷಕರು ಶನಿವಾರದ ಒಂದು ಪೂರ್ತಿ ತರಗತಿಯನ್ನು ಕುಳಿತು ನೋಡುವುದಕ್ಕೆ ಅವಕಾಶವಿದೆ, ಮುಂಚೆ ಫೋನ್ ಮಾಡುವ ಅಗತ್ಯವೂ ಇಲ್ಲ.